ಮೊಜಾಂಬಿಕ್‌ನಲ್ಲಿ ಮೂರು ಶಾಂತಿ ಒಪ್ಪಂದ ಆದರೂ ಚುನಾವಣೆ ಬಂದರೆ ಗಲಾಟೆ ಯಾಕೆ?

ನಾನು ಕಲಬುರಗಿಯವನು. ತೊಗರಿ ಖರೀದಿ ಕೆಲಸಕ್ಕೆಂದು ಕೆಲವು ವರ್ಷ ಮೊಜಾಂಬಿಕ್‌ನ ನಾಂಪುಲಾದಲ್ಲಿದ್ದೆ. (ನೀವು ತಿನ್ನುವ ಬೇಳೆಯಲ್ಲಿ ಅಲ್ಲಿಯ ತೊಗರಿಯೂ ಇರಬಹುದು.) ನನಗೆ ಕಂಡಂತೆ ಹೇಳುತ್ತೇನೆ. ಆ ಒಪ್ಪಂದಗಳೆಲ್ಲ ಬಂದೂಕು ಇದ್ದ ಎರಡು ಪಕ್ಷಗಳ ನಡುವೆ ಆದವು. ಮತ ಎಣಿಸುವವರನ್ನು ನಂಬುವುದು ಹೇಗೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಮೊದಲನೆಯದು 1992ರಲ್ಲಿ, ರೋಮ್‌ನಲ್ಲಿ. ಆಳುವ ಫ್ರೆಲಿಮೊದ ಚಿಸಾನೊ, ಬಂಡುಕೋರ ರೆನಾಮೊದ ಧ್ಲಾಕಾಮಾ ಸಹಿ ಹಾಕಿದರು. 15 ವರ್ಷದ ಯುದ್ಧ ನಿಂತಿತು, ಅದು ಸಣ್ಣ ಮಾತಲ್ಲ. ಆದರೆ 1994ರ ಮೊದಲ ಚುನಾವಣೆಯಲ್ಲೇ ಧ್ಲಾಕಾಮಾ ಕೊನೇ ಗಳಿಗೆಯಲ್ಲಿ ಬಹಿಷ್ಕಾರ ಅಂದುಬಿಟ್ಟರು. ಸಮಾಧಾನ ಮಾಡಿ ಕರೆತಂದು, ಮತದಾನವನ್ನು ಒಂದು ದಿನ ಮುಂದುವರಿಸಬೇಕಾಯಿತು.

1999ರಲ್ಲಿ ಚಿಸಾನೊಗೆ ಶೇ 52, ಧ್ಲಾಕಾಮಾಗೆ ಶೇ 48ರ ಹತ್ತಿರ. ರೆನಾಮೊ ಮೋಸ ಎಂದಿತು. ಅಸಲಿ ಸಿಟ್ಟು ಬೇರೆಯೇ ಇತ್ತು. ಮಧ್ಯ ಮತ್ತು ಉತ್ತರದ ಹಲವು ಪ್ರಾಂತ್ಯಗಳಲ್ಲಿ ಅವರಿಗೇ ಜಾಸ್ತಿ ಮತ ಬಿದ್ದರೂ ಗವರ್ನರ್ ಮಾತ್ರ ರಾಜಧಾನಿ ಮಪುಟೊದಿಂದ ನೇಮಕವಾಗಿ ಬರುತ್ತಿದ್ದರು. 2013ರಲ್ಲಿ ಮತ್ತೆ ಗುಂಡು ಹಾರಿತು. 2014ರಲ್ಲಿ, ಚುನಾವಣೆಗೆ ಒಂದು ತಿಂಗಳಿರುವಾಗ ಎರಡನೇ ಒಪ್ಪಂದ. 2019ರಲ್ಲಿ, ಎರಡು ತಿಂಗಳಿರುವಾಗ ಮೂರನೆಯದು! ಆ ಸಲ ರೆನಾಮೊ ಕೇಳಿದ್ದಂತೆ ಗವರ್ನರ್ ಆಯ್ಕೆಯೂ ಮತಕ್ಕೆ ಬಂತು. ಹತ್ತಕ್ಕೆ ಹತ್ತೂ ಪ್ರಾಂತ್ಯ ಫ್ರೆಲಿಮೊ ಪಾಲಾಯಿತು.

ಹಾಗಂತ ಒಪ್ಪಂದ ಬರೀ ಕಾಗದ ಅನ್ನಲಾರೆ. 5,000ಕ್ಕೂ ಹೆಚ್ಚು ರೆನಾಮೊ ಹೋರಾಟಗಾರರು ಆಯುಧ ಕೆಳಗಿಟ್ಟರು. ಅವರ ಕೊನೆಯ ನೆಲೆ ಮುಚ್ಚಿದ್ದು 2023ರಲ್ಲಿ.

ಮುಂದಿನ ವರ್ಷದ ಅಧ್ಯಕ್ಷ ಚುನಾವಣೆಯದೇ ಬೇರೆ ಕಥೆ. ಫ್ರೆಲಿಮೊದ ಚಾಪೊಗೆ ಶೇ 71ರ ಹತ್ತಿರ ಮತ ಎಂದಿತು ಚುನಾವಣಾ ಆಯೋಗ. ಡಿಸೆಂಬರ್‌ನಲ್ಲಿ, ಚುನಾವಣೆ ಬಗ್ಗೆ ಕೊನೆ ತೀರ್ಪು ಕೊಡುವ ಸಂವಿಧಾನ ಮಂಡಳಿ ಅದನ್ನು ಶೇ 65ಕ್ಕೆ ಇಳಿಸಿತು. ಹೀಗಾದರೆ ಯಾರಿಗೆ ಅನುಮಾನ ಬರಲ್ಲ? ಎದುರಾಳಿ ಮೊಂಡ್ಲಾನೆ ಹಿಂದೆ ಸೈನ್ಯ ಇರಲಿಲ್ಲ, ಯುದ್ಧವನ್ನೇ ನೋಡದ ಹುಡುಗರಿದ್ದರು. ರಾತ್ರಿಯಾದರೆ ಪ್ರತಿಭಟನೆಗೆಂದು ಮನೆಮನೆಯಲ್ಲೂ ಪಾತ್ರೆ ಬಡಿಯುತ್ತಿದ್ದರು. ಮೊದಲ ದಿನ ನಾನು ಓಣಿಯಲ್ಲಿ ಮದುವೆ ಅಂದುಕೊಂಡಿದ್ದೆ. ಆ ಗಲಭೆಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು ಎನ್ನುವುದು ಅಲ್ಲಿನ ಸಂಘಟನೆಗಳ ಲೆಕ್ಕ. ಎಲ್ಲ ಒಪ್ಪಂದಕ್ಕೂ ಸಹಿ ಹಾಕಿದ್ದ ರೆನಾಮೊ ಮೂರನೇ ಸ್ಥಾನಕ್ಕೆ ಇಳಿದಿತ್ತು.

2025ರ ಮಾರ್ಚ್ ಮೊದಲ ವಾರ ಚಾಪೊ ಪಕ್ಷಗಳ ಜೊತೆ ಇನ್ನೊಂದು ಒಪ್ಪಂದ ಮಾಡಿಕೊಂಡರು. ಮೊಂಡ್ಲಾನೆ ಅದರಲ್ಲಿ ಇರಲಿಲ್ಲ. ಅವರಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ಆ ತಿಂಗಳ ಕೊನೆಗೆ.