ಹಸಿ ಕೋಳಿ, ಸರ್ಕಾರದ ಲ್ಯಾಬ್, ನಮ್ಮ ಅಡುಗೆಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೋಳಿ ಮಾಂಸದ ಸುರಕ್ಷತೆ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಕೇಳಿದ ಕೆಲವು ಪ್ರಶ್ನೆಗಳು ಈ ಸಲ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ಹೇಳುತ್ತಾನೆ, ಅಲ್ಲಿ ಹಸಿ ಕೋಳಿಯಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಸರ್ಕಾರವೇ ಪರೀಕ್ಷೆ ಮಾಡುತ್ತದಂತೆ. ನಮ್ಮಲ್ಲಿ ಅಂಥದ್ದು ಇಲ್ವಾ? (ಗೃಹಿಣಿ, ಹಾಸನ)

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಅಲ್ಲಿನ ಕೃಷಿ ಇಲಾಖೆಯ ಆಹಾರ ಸುರಕ್ಷತಾ ವಿಭಾಗ 1996ರ ನಿಯಮದ ನಂತರ ಕೋಳಿ ಕಾರ್ಖಾನೆಗಳಲ್ಲಿ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡುತ್ತಾ ಬಂದಿದೆ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಮೇಲೆ ಸೇರಿತು. ಇನ್‌ಸ್ಪೆಕ್ಟರ್ ಸಾಲಿನಲ್ಲಿ ಬರುವ ಒಂದು ಕೋಳಿಯನ್ನು ತೆಗೆದು ಶುದ್ಧವಾದ ದೊಡ್ಡ ಚೀಲಕ್ಕೆ ಹಾಕುತ್ತಾರೆ. ಅದರೊಳಗೆ ಪೆಪ್ಟೋನ್ ಎಂಬ ಪೋಷಕಾಂಶ ಬೆರೆಸಿದ 400 ಮಿಲಿ ಲೀಟರ್ ನೀರು ಹೊಯ್ಯುತ್ತಾರೆ. ಚೀಲದ ಬಾಯಿ ಬಿಗಿ ಹಿಡಿದು ಒಂದು ನಿಮಿಷ ಕುಲುಕುತ್ತಾರೆ, ಹೊಟ್ಟೆಯ ಒಳಗೂ ಹೊರಗೂ ನೀರು ಓಡಾಡಬೇಕು. ಲ್ಯಾಬಿಗೆ ಹೋಗುವುದು ಕೋಳಿಯಲ್ಲ, ಅದನ್ನು ತೊಳೆದ ಆ ನೀರು.

ಇಂಥ ಹಲವು ಸ್ಯಾಂಪಲ್‌ಗಳ ಫಲಿತಾಂಶ ಸೇರಿಸಿ ಕಾರ್ಖಾನೆಗೆ 1, 2, 3 ಎಂದು ದರ್ಜೆ ಕೊಡುತ್ತಾರೆ. 3 ಅಂದರೆ ಮಿತಿ ದಾಟಿದೆ ಎಂದರ್ಥ. ಸಾಲ್ಮೊನೆಲ್ಲಾ ಸಿಕ್ಕ ಸ್ಯಾಂಪಲ್‌ಗಳ ಪಾಲಿಗೆ ಹಾಕಿದ ಆ ಮಿತಿ ಇಡೀ ಕೋಳಿಗೆ ಶೇ 9.8, ಕಾಲು, ಎದೆ, ರೆಕ್ಕೆ ಥರದ ತುಂಡುಗಳಿಗೆ ಶೇ 15.4. ಯಾವ ಕಾರ್ಖಾನೆ ಯಾವ ದರ್ಜೆಯಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು. ನನಗೆ ತುಂಬಾ ಹಿಡಿಸಿದ್ದು ಇದೇ.

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಮಿತಿ ದಾಟಿದ ಕಾರ್ಖಾನೆಯ ಹಸಿ ಕೋಳಿಯನ್ನೂ ಅದೊಂದೇ ಕಾರಣಕ್ಕೆ ಮಾರುಕಟ್ಟೆಯಿಂದ ತಡೆಯಲು ಆಗುವುದಿಲ್ಲ. 2024ರ ಆಗಸ್ಟಿನಲ್ಲಿ ಇನ್ನೊಂದು ಪ್ರಸ್ತಾಪ ಬಂತು. ಅಪಾಯಕಾರಿ ತಳಿಯ ಸಾಲ್ಮೊನೆಲ್ಲಾ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಆ ಕೋಳಿಯನ್ನು ಮಾರುವಂತೆಯೇ ಇಲ್ಲ ಎನ್ನುವುದು ಅದರ ತಿರುಳು. ಕಂಪನಿಗಳು ವಿರೋಧಿಸಿದವು, 2025ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು. ಆ ದೇಶದಲ್ಲಿ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಲ್ಮೊನೆಲ್ಲಾದಿಂದ ಕಾಯಿಲೆ ಬೀಳುತ್ತಾರೆ ಎಂದು ಅವರದೇ ರೋಗ ನಿಯಂತ್ರಣ ಕೇಂದ್ರ ಅಂದಾಜು ಮಾಡಿದೆ. ಅದೆಲ್ಲ ಕೋಳಿಯಿಂದಲೇ ಬಂದದ್ದಲ್ಲ, ಆದರೆ ಕೋಳಿಯ ಪಾಲು ದೊಡ್ಡದು.

ಇನ್ನು ನಮ್ಮದು. ಕಾಗದದ ಮೇಲೆ ನಮ್ಮ ನಿಯಮ ಅವರಿಗಿಂತ ಬಿಗಿ. ಫ್ರೀಜ್ ಮಾಡಿದ ಕೋಳಿ ಮಾಂಸದ 25 ಗ್ರಾಂ ಸ್ಯಾಂಪಲ್‌ನಲ್ಲಿ ಸಾಲ್ಮೊನೆಲ್ಲಾ ಇರಲೇಬಾರದು ಅನ್ನುತ್ತದೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಾನದಂಡ. ಕೊರತೆ ಇರುವುದು ಪರೀಕ್ಷೆಯಲ್ಲಿ. ನಮ್ಮೂರಲ್ಲಿ ಕೋಳಿ ಬರುವುದು ದೊಡ್ಡ ಕಾರ್ಖಾನೆಯಿಂದಲ್ಲ, ಬೀದಿಗೊಂದು ಅಂಗಡಿಯಿಂದ. ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನಕ್ಕೆ ಮುದ್ದೆ ಜೊತೆ ತಟ್ಟೆಯಲ್ಲಿರುತ್ತದೆ. ಸಾಲ್ಮೊನೆಲ್ಲಾ ಬೆಳೆಸಿ ಖಚಿತ ಮಾಡಿಕೊಳ್ಳಲು ಮಾಮೂಲಿ ವಿಧಾನದಲ್ಲಿ ಮೂರರಿಂದ ಐದು ದಿನ ಬೇಕು. ಹಾಗಾಗಿ ಸರ್ಕಾರ ಎಷ್ಟೇ ಪರೀಕ್ಷೆ ಮಾಡಿದರೂ ನೀವು ಈ ಭಾನುವಾರ ತಂದ ಕೋಳಿಯಿಂದ ಅದು ನಿಮ್ಮನ್ನು ಕಾಪಾಡುವುದಿಲ್ಲ. ಯಾವ ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಸಿಗುತ್ತಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅದು ಗೊತ್ತಾಗಬೇಕಾದರೆ ಪರೀಕ್ಷೆ ಬಿಟ್ಟೂ ಬಿಡದೆ ನಡೆಯಬೇಕು, ಫಲಿತಾಂಶ ಜನರ ಕಣ್ಣಿಗೆ ಬೀಳಬೇಕು. ಇದನ್ನು ನಗರಸಭೆಯ ಸದಸ್ಯರ ಹತ್ತಿರ, ಜಿಲ್ಲಾ ಆಹಾರ ಸುರಕ್ಷತಾ ಕಚೇರಿಯಲ್ಲಿ ಕೇಳುತ್ತಲೇ ಇರಬೇಕು.

ಪ್ರಶ್ನೆ: 2024ರಲ್ಲಿ ಕಬಾಬ್ ಪರೀಕ್ಷೆ ಆಯ್ತಲ್ಲ, ಆಗಲೇ ಬ್ಯಾಕ್ಟೀರಿಯಾನೂ ನೋಡಿರಬೇಕು ಅಲ್ವಾ? (ಕಡೂರು)

ಉತ್ತರ: ಆ ಸುದ್ದಿ ಪೂರ್ತಿ ಬಣ್ಣದ್ದು. ಆ ವರ್ಷ ಜೂನ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ 39 ಕಬಾಬ್ ಸ್ಯಾಂಪಲ್ ಪರೀಕ್ಷಿಸಿತು. 8ರಲ್ಲಿ ಕೃತಕ ಬಣ್ಣ ಸಿಕ್ಕಿತು. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅಂತ ಹೆಸರು ಬಂದದ್ದು ನಿಮಗೆ ನೆನಪಿರಬಹುದು. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಒಳ್ಳೆಯ ಕೆಲಸವೇ. ಆದರೆ ಕುದಿಯುವ ಎಣ್ಣೆಯಲ್ಲಿ ಬೆಂದು ಬಂದ ಕಬಾಬ್ ಬೇರೆ, ಅಂಗಡಿಯ ಕೊರಡಿನ ಮೇಲಿರುವ ಹಸಿ ಮಾಂಸ ಬೇರೆ.

ಬಣ್ಣದ ಸ್ಯಾಂಪಲ್ ಲ್ಯಾಬಿಗೆ ತಲುಪುವುದು ಒಂದೆರಡು ದಿನ ತಡವಾದರೂ ಬಣ್ಣ ಎಲ್ಲೂ ಓಡಿಹೋಗುವುದಿಲ್ಲ. ಬ್ಯಾಕ್ಟೀರಿಯಾ ಹಾಗಲ್ಲ, ಜೀವ ಇರುವಂಥದ್ದು. ಸ್ಯಾಂಪಲ್ ಬಿಸಿಯಾದರೆ ದಾರಿಯಲ್ಲೇ ಸಂಖ್ಯೆ ಏರುತ್ತದೆ, ಆಗ ತಪ್ಪು ಅಂಗಡಿಯವನದ್ದಾ ಜೀಪಿನದ್ದಾ ಅನ್ನುವುದೇ ತಿಳಿಯುವುದಿಲ್ಲ. ಶುದ್ಧ ಮಾಡಿದ ಚೀಲ, ಶುದ್ಧ ಇಕ್ಕಳ, ಐಸ್ ಪೆಟ್ಟಿಗೆ ಎಲ್ಲ ಬೇಕು. ಹಾಲಿನ ಸ್ಯಾಂಪಲ್ ಕೆಡದಿರಲಿ ಅಂತ ಫಾರ್ಮಾಲಿನ್ ಹಾಕುತ್ತಾರಲ್ಲ, ಇಲ್ಲಿ ಅದನ್ನೂ ಹಾಕುವಂತಿಲ್ಲ, ಹುಡುಕಬೇಕಾದದ್ದೇ ಸತ್ತುಹೋಗುತ್ತದೆ. ಲ್ಯಾಬಿನಲ್ಲಿ ಒಂದು ರಾತ್ರಿ ಪೋಷಕ ದ್ರವದಲ್ಲಿ ಬೆಳೆಸಿ, ಆಮೇಲೆ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ದ್ರವಕ್ಕೆ ಹಾಕಿ, ಕೊನೆಗೆ ಎಕ್ಸ್‌ಎಲ್‌ಡಿ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಕೆಂಪು ಬಣ್ಣದ ತಟ್ಟೆಯ ಮೇಲೆ ಗೀಚುತ್ತಾರೆ. ಮಾರನೇ ದಿನ ನಡುವೆ ಕಪ್ಪಾದ ಚುಕ್ಕಿಗಳು ಎದ್ದಿದ್ದರೆ ಸಾಲ್ಮೊನೆಲ್ಲಾ ಇರಬಹುದೆಂದು ಅನುಮಾನ. ಅದನ್ನು ಖಚಿತ ಮಾಡಲು ಇನ್ನೂ ಪರೀಕ್ಷೆ ಇದೆ.

ಇಷ್ಟು ಕೆಲಸಕ್ಕೆ ಜನ ಬೇಕು, ದುಡ್ಡು ಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅಂಥ ಕಡೆ ಇರುವ ಪರಿಣತರನ್ನು ಈ ಕೆಲಸಕ್ಕೆ ಜೋಡಿಸಿಕೊಂಡರೆ ಎಷ್ಟೋ ಹಗುರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕೋಳಿ ತೊಳೆಯಬಾರದು ಅಂತ ಮೊಬೈಲಿನಲ್ಲಿ ಬರುತ್ತಿದೆ. ಅರಿಶಿನ ಹಾಕಿ ನಾಲ್ಕು ಸಲ ತೊಳೆಯದೆ ನಮಗೆ ಸಮಾಧಾನವೇ ಇಲ್ಲ. (ಬೇಲೂರು)

ಉತ್ತರ: ಅಮ್ಮಾ, ಆ ಮಾತು ಪ್ಯಾಕೆಟ್ಟಿನಲ್ಲಿ ಬರುವ ಕೋಳಿಗೆ ಸರಿ. ನಮ್ಮ ಅಂಗಡಿಯ ಮಾಂಸದಲ್ಲಿ ರಕ್ತ, ಮೂಳೆಪುಡಿ, ಒಂದೊಂದು ಸಲ ಪುಕ್ಕ ಕೂಡ ಇರುತ್ತದೆ, ತೊಳೆಯದೆ ಹೇಗೆ ಬೇಯಿಸುತ್ತೀರಿ? ತೊಳೆಯಿರಿ. ಆದರೆ ನಲ್ಲಿ ಜೋರಾಗಿ ಬಿಟ್ಟು ಅದರ ಕೆಳಗೆ ಹಿಡಿಯಬೇಡಿ. ಹನಿ ಸಿಡಿದು ಪಕ್ಕದಲ್ಲಿರುವ ಲೋಟ, ಕೊತ್ತಂಬರಿ ಸೊಪ್ಪು, ನಿಮ್ಮ ಸೆರಗು ಎಲ್ಲಕ್ಕೂ ಹತ್ತುತ್ತದೆ. ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ, ಮಾಂಸ ಮುಳುಗಿಸಿ, ಕೈಯಲ್ಲಿ ನಿಧಾನವಾಗಿ ಆಡಿಸಿ, ನೀರು ಮೆಲ್ಲಗೆ ಬಗ್ಗಿಸಿ. ಸಿಂಕಿನಲ್ಲಿ ಬೇರೆ ಪಾತ್ರೆ ಇರಬಾರದು. ಆಮೇಲೆ ಸಿಂಕನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಅರಿಶಿನದಿಂದ ವಾಸನೆ ಹೋಗುತ್ತದೆ, ಸಾಲ್ಮೊನೆಲ್ಲಾ ಹೋಗುವುದಿಲ್ಲ. ಅದನ್ನು ಕೊಲ್ಲುವುದು ಒಲೆ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ನಿಮ್ಮ ಸಾರು ಕುದಿಯುವಾಗ 100ರ ಹತ್ತಿರ ಇರುತ್ತದೆ. ಸಾರಿನ ಬಗ್ಗೆ ಭಯ ಬೇಡ.

ಪ್ರಶ್ನೆ: ನಾಟಿ ಕೋಳಿಗೆ ಈ ಬ್ಯಾಕ್ಟೀರಿಯಾ ಕಾಟ ಇಲ್ಲ ತಾನೇ? (ತರೀಕೆರೆ)

ಉತ್ತರ: ಇದೆ. ಅದರ ಕರುಳಿನಲ್ಲೂ ಇರುತ್ತವೆ. ಕೋಳಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಹೋಂಸ್ಟೇ. ವಾರಾಂತ್ಯಕ್ಕೆ ಮೊದಲೇ ಕೋಳಿ ತಂದು ಫ್ರೀಜರ್‌ನಲ್ಲಿ ಇಡುತ್ತೇವೆ. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದಾ?

ಉತ್ತರ: ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೇ. ಐಸ್ ಕರಗಿದ ಮೇಲೆ ಉಳಿದವು ಮತ್ತೆ ಶುರು. ನಿಮ್ಮ ಕಡೆಯ ದೊಡ್ಡ ತೊಂದರೆ ಮಳೆಗಾಲದ ಕರೆಂಟು. ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದಿದ್ದರೆ ಫ್ರೀಜರ್ ಒಳಗೆ ಮಾಂಸ ಕರಗಿ, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಬಾಗಿಲು ತೆಗೆದಾಗ ಏನೂ ಆಗಿಲ್ಲ ಅನ್ನುವಂತೆ ಕಾಣುತ್ತದೆ. ಇದಕ್ಕೆ ಸುಲಭ ಉಪಾಯವಿದೆ. ಒಂದು ಲೋಟ ನೀರು ಗಟ್ಟಿಯಾಗಿಸಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ನಾಣ್ಯ ತಳಕ್ಕೆ ಇಳಿದಿದ್ದರೆ ಒಳಗಿದ್ದದ್ದೆಲ್ಲ ಒಮ್ಮೆ ಕರಗಿತ್ತು ಎಂದೇ ತಿಳಿಯಿರಿ, ಆ ಮಾಂಸವನ್ನು ಅತಿಥಿಗಳಿಗೆ ಹಾಕಬೇಡಿ.

ಕರಗಿಸುವಾಗ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ, ಕಟ್ಟೆಯ ಮೇಲೆ ಇಡೀ ದಿನ ಬಿಡಬೇಡಿ. ಮಾಂಸದ ಹಲಗೆ, ಚಾಕು ಬೇರೆಯೇ ಇರಲಿ. ಅತಿಥಿಗಳು ಹೊಟ್ಟೆ ಕೆಡಿಸಿಕೊಳ್ಳುವುದು ಬಹಳ ಸಲ ಕೋಳಿ ಸಾರಿನಿಂದಲ್ಲ, ಅದೇ ಚಾಕುವಿನಲ್ಲಿ ಹೆಚ್ಚಿದ ಸೌತೆಕಾಯಿ, ಈರುಳ್ಳಿಯಿಂದ. ಕ್ಯಾಂಪ್‌ಫೈರ್ ಪಕ್ಕದ ಬಾರ್ಬೆಕ್ಯೂ ಕಡೆಗೂ ಗಮನ ಇರಲಿ, ಹೊರಗೆ ಸೀದು ಮೂಳೆಯ ಹತ್ತಿರ ಹಸಿ ಉಳಿಯುವುದು ಅಲ್ಲೇ ಜಾಸ್ತಿ. ಮಾಂಸದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ.

ಪ್ರಶ್ನೆ: ಶನಿವಾರ ಗ್ರಿಲ್ ಚಿಕನ್ ತಿಂದೆ, ಮಂಗಳವಾರ ಜ್ವರ, ಭೇದಿ. ಮೂರು ದಿನ ಆದ ಮೇಲೂ ಅದೇ ಕಾರಣ ಇರಬಹುದಾ? (ವಿದ್ಯಾರ್ಥಿ, ಚಿಕ್ಕಮಗಳೂರು)

ಉತ್ತರ: ಇರಬಹುದು. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನದೊಳಗೆ, ಕ್ಯಾಂಪಿಲೋಬ್ಯಾಕ್ಟರ್ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ತೋರಿಸಿಕೊಳ್ಳುತ್ತದೆ. ಆದರೆ ಮಲ ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳಲಾಗದು. ಓಆರ್‌ಎಸ್ ಕುಡಿಯಿರಿ. ನೀವೇ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ತಂದು ನುಂಗಬೇಡಿ. ಭೇದಿಯಲ್ಲಿ ರಕ್ತ ಕಂಡರೆ ಅಥವಾ ಜ್ವರ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾದರೆ ಕಾಯುವುದೇ ಬೇಡ.

ಪ್ರಶ್ನೆ: ನಾನು ಅರಸೀಕೆರೆಯಲ್ಲಿ ಚಿಕನ್ ಅಂಗಡಿ ಇಟ್ಟಿದ್ದೇನೆ. ಅಧಿಕಾರಿ ಬಂದು ಸ್ಯಾಂಪಲ್ ತೆಗೆದುಕೊಂಡರೆ ಅಂಗಡಿ ಮುಚ್ಚಿಸುತ್ತಾರಾ?

ಉತ್ತರ: ಸ್ಯಾಂಪಲ್ ತೆಗೆದ ಮಾತ್ರಕ್ಕೆ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅವರು ತೆಗೆದುಕೊಂಡ ಮಾಂಸಕ್ಕೆ ಮಾರುವ ಬೆಲೆಯನ್ನೇ ಕೊಡಬೇಕು. ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಂಗಡಿಯಲ್ಲಿ ಕೊರತೆ ಕಂಡರೆ ಮೊದಲು ಸುಧಾರಣಾ ನೋಟಿಸ್ ಕೊಡುವ ವ್ಯವಸ್ಥೆ ಇದೆ, ಅದನ್ನೂ ಕಡೆಗಣಿಸಿದರೆ ಮುಂದಿನ ಕ್ರಮ. ನೋಂದಣಿ ಮಾಡಿಸಿ 14 ಅಂಕಿಯ ಸಂಖ್ಯೆಯನ್ನು ಗೋಡೆಗೆ ಹಾಕಿಕೊಳ್ಳಿ.

ನಿಮ್ಮ ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಹರಡುವ ಜಾಗ ಮುಖ್ಯವಾಗಿ ಎರಡು. ಒಂದು, ಬಿಸಿನೀರಿನ ಹಂಡೆ ಮತ್ತು ಪುಕ್ಕ ಕೀಳುವ ಡ್ರಮ್. ಹೊಸತೊಡಕಿನ ದಿನ ಸಾಲು ರಸ್ತೆಯವರೆಗೆ ನಿಂತಿರುತ್ತದೆ, ನೀರು ಬದಲಿಸಲು ಪುರುಸೊತ್ತಿಲ್ಲ, ಒಂದು ಕೋಳಿಯ ಹಿಕ್ಕೆ ಆ ನೀರಿನಲ್ಲಿ ಸೇರಿ ಆಮೇಲಿನ ಎಲ್ಲ ಕೋಳಿಗೂ ಮೆತ್ತುತ್ತದೆ. ಡ್ರಮ್ಮಿನ ರಬ್ಬರ್ ಬೆರಳುಗಳು ಅದನ್ನು ಇನ್ನಷ್ಟು ಉಜ್ಜುತ್ತವೆ. ಎರಡು, ಮರದ ಕೊರಡು. ಕತ್ತಿಯ ಗೀರುಗಳೊಳಗೆ ರಕ್ತ ಒಣಗಿ ಕೂತಿರುತ್ತದೆ, ಮೇಲೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಸಂಜೆ ಉಜ್ಜಿ, ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ. ಗೀರು ಆಳವಾದರೆ ಕೊರಡು ಬದಲಿಸಿ. ಕರುಳು ತೆಗೆಯುವ ಕೈ, ಮಾಂಸ ತುಂಡು ಮಾಡುವ ಕೈ ಬೇರೆ ಬೇರೆಯಾಗಿದ್ದರೆ ಅರ್ಧ ಸಮಸ್ಯೆ ಹೋಯಿತು.

ಪ್ರಶ್ನೆ: ನಾವು ಸಾಮಾನ್ಯರೇ ಸರ್ಕಾರಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಹುದಾ? (ಸಕಲೇಶಪುರ)

ಉತ್ತರ: ಮಾಡಿಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಹೇಳಿರಬೇಕು, ಅದು ಷರತ್ತು. ಮಾಂಸ ನಿಯಮಕ್ಕೆ ತಕ್ಕಂತಿಲ್ಲ ಎಂದು ಬಂದರೆ ಕಟ್ಟಿದ ಶುಲ್ಕ ವಾಪಸ್. ಸುಮ್ನೆ ಮನೆಯಿಂದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಬೇಡಿ. ಹೇಗೆ ತರಬೇಕು, ಯಾವ ಲ್ಯಾಬಿಗೆ ಎಂದು ಮೊದಲು ಜಿಲ್ಲಾ ಆಹಾರ ಸುರಕ್ಷತಾ ಕಚೇರಿಯಲ್ಲಿ ವಿಚಾರಿಸಿ. ಬರೀ ದೂರು ಕೊಡುವುದಾದರೆ ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಕೊಡಬಹುದು. ಅಂಗಡಿಯ ಹೆಸರು, ನೋಂದಣಿ ಸಂಖ್ಯೆ, ಕೊಂಡ ದಿನ ಬರೆಯಿರಿ, ಬಿಲ್ ಮತ್ತು ಫೋಟೋ ಇದ್ದರೆ ಅವನ್ನೂ ಸೇರಿಸಿ.