ಬಾಲಕಿಯರ ಸರ್ಕಾರಿ ಶಾಲೆ ಒಳ್ಳೆಯದೋ ಅಲ್ಲವೋ, ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಹಳ್ಳಿಯಲ್ಲಿ ಸಣ್ಣ ಅಡಿಕೆ ತೋಟ ಇಟ್ಟುಕೊಂಡವರು. ಮಗಳು ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿ ಮುಗಿಸುತ್ತಿದ್ದಾಳೆ. ಆರನೆಯದಕ್ಕೆ ಪೇಟೆಯ ಸರ್ಕಾರಿ ಬಾಲಕಿಯರ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಬೇಕೆಂಬುದು ನನ್ನ ಆಸೆ. ನಮ್ಮ ಯಜಮಾನರು, ವ್ಯಾನ್ ಮನೆಯ ಹತ್ತಿರವೇ ಬರುತ್ತದೆ, ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯೇ ಆಗಲಿ ಎನ್ನುತ್ತಾರೆ. ಹೆಣ್ಣುಮಕ್ಕಳ ಶಾಲೆಯ ಬಗ್ಗೆ ಒಬ್ಬರು ಹೊಗಳಿದರೆ ಇನ್ನೊಬ್ಬರು ‘ಅಲ್ಲೇನಿದೆ’ ಎಂದು ಮೂಗು ಮುರಿಯುತ್ತಾರೆ. ಶಾಲೆ ಹೇಗಿದೆ ಎಂಬುದನ್ನು ನಮ್ಮಂಥವರು ತಿಳಿದುಕೊಳ್ಳುವುದು ಹೇಗೆ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಬರಿಯ ಹೆಣ್ಣುಮಕ್ಕಳ ಶಾಲೆ ಎಂಬ ಒಂದೇ ಕಾರಣಕ್ಕೆ ಅದನ್ನು ಮೆಚ್ಚುವುದಕ್ಕೂ ಆಗದು, ಬೇಡವೆನ್ನುವುದಕ್ಕೂ ಆಗದು. 21 ದೇಶಗಳ 184 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 2014ರಲ್ಲಿ ಪ್ರಕಟವಾಯಿತು. ಎಂಥ ಮನೆಯ ಮಕ್ಕಳು ಎಂಥ ಶಾಲೆಗೆ ಸೇರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆಯಾಗಿರುವ ಪ್ರತ್ಯೇಕ ಶಾಲೆಗೂ ಸಹಶಿಕ್ಷಣದ ಶಾಲೆಗೂ ಕಲಿಕೆಯಲ್ಲಿ ಉಳಿಯುವ ವ್ಯತ್ಯಾಸ ತೀರಾ ಅಲ್ಪವೆಂದು ಅದು ಕಂಡುಕೊಂಡಿತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಶಾಲೆಗಳಿಗೆ ಹಂಚುವ ಪದ್ಧತಿಯಿದ್ದುದರಿಂದ ಮನೆಯ ಹಿನ್ನೆಲೆಯ ಪ್ರಭಾವ ಹೋಲಿಕೆಯಲ್ಲಿ ಅಷ್ಟಾಗಿ ಬೆರೆಯದು; ಅಲ್ಲಿನ ಅಧ್ಯಯನವೊಂದು ಪ್ರತ್ಯೇಕ ಶಾಲೆಗಳ ಪರವಾಗಿ ಫಲಿತಾಂಶ ಕೊಟ್ಟಿದೆ ಎಂಬುದೂ ನಿಜ. ಆದರೆ ಅವು ದೊಡ್ಡ ನಗರದ ಪ್ರೌಢಶಾಲೆಗಳು. ಆದ್ದರಿಂದ ಫಲಕವನ್ನು ಬಿಟ್ಟು ಒಳಗೆ ನೋಡಬೇಕು.

ಒಳಗೆ ನೋಡಬೇಕಾದುದರಲ್ಲಿ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪ್ರಶ್ನೆ: ಆರನೆಯ ತರಗತಿಗೆ ಬಂದು ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ಅಲ್ಲಿಯೇ ಉಳಿದು ಮುಂದೆ ಪ್ರೌಢಶಾಲೆಗೆ ಹೋದರು? ಶಾಲೆಯ ದಾಖಲಾತಿ ವಹಿಯಲ್ಲಿ ಇದಕ್ಕೆ ಉತ್ತರವಿರುತ್ತದೆ. ಮೂರು ವರ್ಷಗಳ ಹಿಂದೆ ಸೇರಿದವರ ಸಂಖ್ಯೆ, ನಡುವೆ ವರ್ಗಾವಣೆ ಪತ್ರ ಪಡೆದವರ ಸಂಖ್ಯೆ, ಈಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರ ಸಂಖ್ಯೆ, ಇಷ್ಟನ್ನು ಮುಖ್ಯಶಿಕ್ಷಕರನ್ನು ಕೇಳಿರಿ. ತಮ್ಮ ಹಳೆಯ ವಿದ್ಯಾರ್ಥಿನಿಯರು ಎಲ್ಲಿದ್ದಾರೆಂಬುದನ್ನು ಥಟ್ಟನೆ ಹೇಳಬಲ್ಲ ಮುಖ್ಯಶಿಕ್ಷಕರಿದ್ದರೆ ಆ ಶಾಲೆಯ ಬಗ್ಗೆ ಅರ್ಧ ಭರವಸೆ ಇಟ್ಟುಕೊಳ್ಳಬಹುದು. ಜಾಣೆಯರನ್ನು ಮಾತ್ರ ಆಯ್ದು ಸೇರಿಸಿಕೊಂಡು ಒಳ್ಳೆಯ ಅಂಕ ತೋರಿಸುವುದು ಕಷ್ಟದ ಕೆಲಸವಲ್ಲ. ಬಂದವರೆಲ್ಲರನ್ನೂ ಸೇರಿಸಿಕೊಂಡು ಉಳಿಸಿಕೊಳ್ಳುವುದು ಕಷ್ಟ.

ಹಾಗೆಯೇ ಹಾಜರಿಯ ಬಗ್ಗೆಯೂ ವಿಚಾರಿಸಿರಿ. ವರ್ಷದ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ನಿಮ್ಮ ತಾಲ್ಲೂಕಿನ ನಗರ, ಮಾಸ್ತಿಕಟ್ಟೆ ಎಂಬ ಊರುಗಳ ಕಡೆಯ ಮಕ್ಕಳು ಜುಲೈ ಮಳೆಯಲ್ಲಿ ಬರುತ್ತಾರೆಯೇ, ದೀಪಾವಳಿ ಕಳೆದು ಮನೆಮನೆಯಲ್ಲಿ ಅಡಿಕೆ ಸುಲಿತ ಶುರುವಾದ ಮೇಲೆ ಹುಡುಗಿಯರ ಹಾಜರಿ ಎಷ್ಟಕ್ಕೆ ಇಳಿಯುತ್ತದೆ, ಇಳಿದಾಗ ಶಿಕ್ಷಕರು ಮನೆಗೆ ಹೇಳಿಕಳಿಸುತ್ತಾರೆಯೇ ಎಂಬುದೇ ಮುಖ್ಯ. (ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಹುಡುಗಿ ಬೆಳಿಗ್ಗೆ ಗಣಿತದ ತರಗತಿಯಲ್ಲಿ ತೂಕಡಿಸಿದರೆ ಅದು ಶಾಲೆಯ ದೋಷವಲ್ಲ, ನಮ್ಮದು.) ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ 220 ದಿನ, 1000 ಗಂಟೆಗಳ ಬೋಧನೆ ಆಗಬೇಕು. ಮಳೆಗಾಗಿ ರಜೆ ಕೊಡಬೇಕಾಗಿ ಬರುವ ನಮ್ಮ ಜಿಲ್ಲೆಯಲ್ಲಿ ಆ ಪಾಠಗಳನ್ನು ಯಾವಾಗ ತುಂಬಿಕೊಡುತ್ತಾರೆಂದು ಕೇಳಲು ಸಂಕೋಚ ಬೇಡ.

ಶಿಕ್ಷಕರ ವಿಷಯ. ಅದೇ ಕಾಯಿದೆ ಈ ಹಂತದಲ್ಲಿ ಪ್ರತಿ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕೆಂದೂ, ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬರು ಇರಬೇಕೆಂದೂ ಹೇಳುತ್ತದೆ. ಲೆಕ್ಕದಲ್ಲಿ ಐವರು ಶಿಕ್ಷಕರಿದ್ದರೂ ಗಣಿತಕ್ಕೆ ಒಬ್ಬರೂ ಇಲ್ಲದ ಶಾಲೆ ಇರಬಹುದು. ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರು ಪಾಠ ಮಾಡುತ್ತಿದ್ದರೆ, ಅವರು ಜೂನ್‌ನಲ್ಲಿಯೇ ಬಂದರೋ ಅಥವಾ ಅರ್ಧ ವರ್ಷ ಕಳೆದ ಮೇಲೆ ಬಂದರೋ ಎಂದು ವಿಚಾರಿಸಿರಿ. ದೇಶದ ಶಾಲೆಗಳ ಮಾಹಿತಿ ಸಂಗ್ರಹಿಸುವ ಸರ್ಕಾರಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಯುಡೈಸ್ ಪ್ಲಸ್ ಜಾಲತಾಣದಲ್ಲಿ ಮಕ್ಕಳ, ಶಿಕ್ಷಕರ, ಕೊಠಡಿಗಳ, ಶೌಚಾಲಯಗಳ ಸಂಖ್ಯೆಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ಆ ಮಾಹಿತಿ ತುಂಬುವುದು ಶಾಲೆಯೇ. ಶೌಚಾಲಯ ಎಷ್ಟಿವೆ ಎಂಬುದು ಅಲ್ಲಿ ತಿಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ನಲ್ಲಿಯಲ್ಲಿ ನೀರಿದೆಯೇ, ಬಾಗಿಲಿಗೆ ಒಳಚಿಲಕ ಇದೆಯೇ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ನೀವೇ ಹೋಗಿ ನೋಡಬೇಕು. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಹುಡುಗಿಯರ ಶಾಲೆಯಲ್ಲಿ ಇದಕ್ಕಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ. ಮುಟ್ಟಿನ ದಿನಗಳಲ್ಲಿ ಮಕ್ಕಳು ಮನೆಯಲ್ಲಿಯೇ ಉಳಿಯುತ್ತಾರೆಯೇ, ಬಳಸಿದ ಪ್ಯಾಡ್ ಹಾಕಲು ವ್ಯವಸ್ಥೆ ಇದೆಯೇ ಎಂಬುದನ್ನು ಅಲ್ಲಿನ ಶಿಕ್ಷಕಿಯೊಬ್ಬರನ್ನು ಕೇಳಿದರೆ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಿಸಿಯೂಟದ ಹೊತ್ತಿಗೆ ಹೋದರೆ ಅದನ್ನೂ ಕಣ್ಣಾರೆ ನೋಡಬಹುದು.

ಕಲಿಕೆಯನ್ನು ಪರೀಕ್ಷಿಸಲು ನೀವು ಶಿಕ್ಷಕಿ ಆಗಿರಬೇಕಿಲ್ಲ. ಹಳ್ಳಿಯ ಮಕ್ಕಳ ಓದು, ಲೆಕ್ಕಗಳನ್ನು ಅಳೆಯುವ ‘ಅಸರ್’ ಸಮೀಕ್ಷೆಯವರು ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆಯೊಂದನ್ನು ಓದಿಸಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಹೇಳುತ್ತಾರೆ. ನಿಮ್ಮೂರಿನಿಂದ ಆ ಶಾಲೆಗೆ ಹೋಗುವ ಏಳನೆಯ ತರಗತಿಯ ಹುಡುಗಿ ಯಾರಾದರೂ ಇದ್ದರೆ, ಮೊದಲ ಸ್ಥಾನದವಳನ್ನು ಬಿಟ್ಟು ನಡುವಿನವಳೊಬ್ಬಳನ್ನು ಕೂರಿಸಿಕೊಂಡು ಪ್ರೀತಿಯಿಂದ ಇಷ್ಟನ್ನು ಮಾಡಿಸಿ ನೋಡಿರಿ. ಅವಳ ನೋಟ್ ಪುಸ್ತಕವನ್ನು ಗೆಳತಿಯ ಪುಸ್ತಕದ ಪಕ್ಕದಲ್ಲಿ ಇಟ್ಟಾಗ ಉತ್ತರಗಳು ಅಕ್ಷರಶಃ ಒಂದೇ ಆಗಿದ್ದರೆ, ಅಲ್ಲಿ ಉಕ್ತಲೇಖನ ನಡೆಯುತ್ತಿದೆ, ಪಾಠ ನಡೆಯುತ್ತಿಲ್ಲ. ಖಾಸಗಿ ಶಾಲೆಯ ಮಗುವನ್ನೂ ಇದೇ ರೀತಿ ನೋಡಿದರೆ ಮಾತ್ರ ಹೋಲಿಕೆ ನ್ಯಾಯವಾದದ್ದು.

ಹೆಣ್ಣುಮಕ್ಕಳ ಶಾಲೆಯಲ್ಲಿ ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಗಂಡುಹುಡುಗರಿಲ್ಲದ ಕಾರಣ ಗಂಟೆ ಬಾರಿಸುವುದರಿಂದ ಹಿಡಿದು ಕಂಪ್ಯೂಟರ್ ಮುಂದೆ ಕೂರುವುದರವರೆಗೆ, ಖೋಖೋ ತಂಡದಿಂದ ಶಾಲಾ ಸಂಸತ್ತಿನ ಮುಖ್ಯಮಂತ್ರಿ ಸ್ಥಾನದವರೆಗೆ ಎಲ್ಲವೂ ಹುಡುಗಿಯರ ಪಾಲಿಗೇ ಬರುತ್ತದೆ. ಇಂಥ ಶಾಲೆಯ ನಿಜವಾದ ಲಾಭ ಇದೇ. ಇದಕ್ಕೆ ಬದಲಾಗಿ ಆಟದ ಅವಧಿಯನ್ನು ರಂಗೋಲಿಗೂ ಅತಿಥಿಗಳ ಆರತಿಗೂ ಮೀಸಲಿಟ್ಟ ಶಾಲೆಯಾದರೆ ಆ ಲಾಭ ಕೈತಪ್ಪಿತೆಂದೇ ಅರ್ಥ. ಮೈದಾನದಲ್ಲಿ ಹುಡುಗಿಯರು ಓಡುತ್ತಿದ್ದಾರೆಯೇ ನೋಡಿರಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿದೆಯೇ, ಅದು ಯಾತಕ್ಕೆಂದು ಮಕ್ಕಳಿಗೆ ಗೊತ್ತಿದೆಯೇ ಎಂಬುದನ್ನೂ ವಿಚಾರಿಸಿರಿ.

ಇನ್ನು ಹಣ ಮತ್ತು ದಾರಿ. ವ್ಯಾನ್ ಮನೆಯ ಹತ್ತಿರ ಬರುತ್ತದೆ ಎಂಬ ನಿಮ್ಮ ಯಜಮಾನರ ಮಾತು ಹಗುರವಾದದ್ದಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿರುವ ಮಲೆನಾಡಿನ ಅನೇಕ ಹಳ್ಳಿಗಳಿಗೆ ಅದರಿಂದ ಉಪಯೋಗ ಕಡಿಮೆ. ಸಂಜೆ ಬಿಟ್ಟ ಮೇಲೆ ಬಸ್ಸು ಎಷ್ಟು ಹೊತ್ತಿಗೆ, ಮಳೆಗಾಲದಲ್ಲಿ ಕತ್ತಲಾಗುವ ಮೊದಲು ಮಗಳು ಮನೆ ಮುಟ್ಟುತ್ತಾಳೆಯೇ ಎಂಬುದಕ್ಕೆ ಒಪ್ಪುವ ಉತ್ತರ ಸಿಗದಿದ್ದರೆ, ಎಷ್ಟೇ ಒಳ್ಳೆಯ ಶಾಲೆಯಾದರೂ ನಾನು ಒತ್ತಾಯಿಸಲಾರೆ. ಮತ್ತೊಂದು ಕಡೆ, ಎಂಟನೆಯ ತರಗತಿಯಲ್ಲಿ ನಡೆಯುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆಯಾದ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಮಕ್ಕಳನ್ನು ಆ ಪರೀಕ್ಷೆಗೆ ಕೂರಿಸಿ ತಯಾರಿ ಮಾಡಿಸುವ ಶಾಲೆ ಶ್ರದ್ಧೆಯುಳ್ಳದ್ದು. ಅದಕ್ಕೆ ಮೊದಲು, ಆ ಶಾಲೆಯಲ್ಲಿ ಎಂಟನೆಯ ತರಗತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ನಮ್ಮಲ್ಲಿ ಏಳಕ್ಕೇ ಮುಗಿಯುವ ಹಿರಿಯ ಪ್ರಾಥಮಿಕ ಶಾಲೆಗಳು ಇನ್ನೂ ಇವೆ, ಎರಡೇ ವರ್ಷದಲ್ಲಿ ಮತ್ತೆ ಶಾಲೆ ಹುಡುಕಬೇಕಾಗುತ್ತದೆ.

ಪ್ರಶ್ನೆ: ನಾನು ಬಾಲಕಿಯರ ಹಿರಿಯ ಪ್ರಾಥಮಿಕ ಶಾಲೆಯೊಂದರ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ, ದೂರದ ಸಹಶಿಕ್ಷಣ ಶಾಲೆಯೊಂದಿಗೆ ಸೇರಿಸಿಬಿಡುವುದು ಲೇಸು ಎಂಬ ಮಾತು ಊರಿನಲ್ಲಿಯೇ ಎದ್ದಿದೆ. ನಮ್ಮ ಶಾಲೆಯ ಮೌಲ್ಯಮಾಪನವನ್ನು ನಾವೇ ಮಾಡಿ ಮುಂದಿಡಬಹುದೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮಾಡಬಹುದು, ಮಾಡಬೇಕು ಕೂಡ. ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ ಹೊಣೆಯನ್ನು ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಗೇ ಕೊಟ್ಟಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದೂ ಹೇಳಿದೆ. ತಾಯಂದಿರು ಸಭೆಗೆ ಬರುತ್ತಾರೋ, ಸಹಿಗಷ್ಟೇ ಇದ್ದಾರೋ ಎಂಬುದರಿಂದ ನಿಮ್ಮ ಮೌಲ್ಯಮಾಪನ ಆರಂಭವಾಗಲಿ. ಬಣ್ಣ ಬಳಿದ ಗೋಡೆ, ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ಇವನ್ನು ವರದಿಯ ಕೊನೆಗೆ ಹಾಕಿರಿ. ಸೇರಿದವರು, ಉಳಿದವರು, ಮುಂದಕ್ಕೆ ಹೋದವರ ಲೆಕ್ಕ ಮೊದಲ ಪುಟದಲ್ಲಿರಲಿ.

ಹುಡುಗಿಯರು ಹುಡುಗರ ಜೊತೆ ಓದಿದರೆ ಕೆಡುತ್ತಾರೆ ಎಂಬ ವಾದವನ್ನು ದಯವಿಟ್ಟು ಮುಂದಿಡಬೇಡಿರಿ, ಅದಕ್ಕೆ ಆಧಾರವಿಲ್ಲ. ನಿಮ್ಮ ಗಟ್ಟಿ ವಾದ ದೂರದ್ದು. ಆರರಿಂದ ಎಂಟನೆಯ ತರಗತಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಕೇಂದ್ರದ 2010ರ ಮಾದರಿ ನಿಯಮಗಳು ಹೇಳುತ್ತವೆ. ದುರ್ಗಮ ನೆಲ, ಭೂಕುಸಿತ ಮತ್ತು ನೆರೆಯ ಭಯ, ರಸ್ತೆಯಿಲ್ಲದ ಸ್ಥಿತಿ ಇರುವಲ್ಲಿ ಆ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕೆಂದೂ ಅವೇ ನಿಯಮಗಳಲ್ಲಿದೆ. ಪ್ರತಿ ಹುಡುಗಿಯ ಮನೆಯಿಂದ ಆ ಇನ್ನೊಂದು ಶಾಲೆಗೆ ಎಷ್ಟು ದೂರ, ದಾರಿಯಲ್ಲಿ ಎಷ್ಟು ಹಳ್ಳ, ಎಷ್ಟು ಕಾಲುಸಂಕ ಎಂಬುದನ್ನು ಮಳೆಗಾಲದಲ್ಲಿಯೇ ನಡೆದು ನೋಡಿ ಪಟ್ಟಿ ಮಾಡಿ, ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿರಿ.