ಬೆಂಚಿನ ಮೇಲಿನ ಮಾತು

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಬರೆಯುತ್ತಾರೆ: "ಅಮೆರಿಕದ ಅಯೋವಾದಲ್ಲಿ ಮಗಳ ಪಕ್ಕದ ಮನೆಯಾಕೆ 'ಪೇರೆಂಟ್ ಪಾರ್ಟ್ನರ್' ಅಂತೆ. ಹಿಂದೆ ಅವಳ ಕುಡಿತ ನೋಡಿ ಸರ್ಕಾರವೇ ಮಕ್ಕಳನ್ನು ಕರೆದೊಯ್ದಿತ್ತಂತೆ. ಈಗ ಓದು, ತರಬೇತಿ ಏನೂ ಇಲ್ಲದೆ ಅಂಥದೇ ಮನೆಗಳಿಗೆ ಬುದ್ಧಿ ಹೇಳಲು ಅವಳಿಗೆ ಸಂಬಳ! ಇದ್ಯಾವ ನ್ಯಾಯ?"

ಮೇಡಂ, ತರಬೇತಿ ಬೇಕು, ಒಪ್ಪಿದೆ. ಅದು ಅವರಿಗೆ ಸಿಗುತ್ತದೆ ಕೂಡ. ಆದರೆ ಮಕ್ಕಳನ್ನು ಕಳೆದುಕೊಂಡದ್ದಷ್ಟೇ ನಿಮ್ಮ ಕಣ್ಣಿಗೆ ಬಿತ್ತು. ವಾಪಸ್ ಪಡೆದದ್ದು ಬೀಳಲೇ ಇಲ್ಲ, ಅಲ್ವಾ? ಮಕ್ಕಳು ಮನೆಗೆ ಮರಳಿ ವರ್ಷವಾದರೂ ಆಗಿರಬೇಕು, ಆಮೇಲೆಯೇ ಅಲ್ಲಿ ಈ ಕೆಲಸ. ಬುದ್ಧಿ ಹೇಳುವ ಕೆಲಸವೂ ಅದಲ್ಲ. ಕೋರ್ಟಿಗೆ ಜೊತೆಗೆ ಹೋಗುವುದು, ಕಾಗದದಲ್ಲಿ ಏನಿದೆ ಅಂತ ಬಿಡಿಸಿ ಹೇಳುವುದು. ಅಲ್ಲಿ ಗಡಿಯಾರ ಓಡುತ್ತಿರುತ್ತದೆ. ಅಲ್ಲಿನ 1997ರ ಕಾನೂನಿನ ಪ್ರಕಾರ ಹಿಂದಿನ 22 ತಿಂಗಳಲ್ಲಿ 15 ತಿಂಗಳು ಮಗು ಸರ್ಕಾರದ ಸುಪರ್ದಿಯಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ತಾಯ್ತಂದೆಯ ಹಕ್ಕನ್ನೇ ರದ್ದು ಮಾಡಲು ಅರ್ಜಿ ಬೀಳುತ್ತದೆ. ಸಿಟ್ಟಿಗೆದ್ದ ತಾಯಿಗೆ "ಕೂಗಾಡಬೇಡ, ನಾನೂ ಕೂಗಾಡಿ ಕೆಟ್ಟೆ" ಅನ್ನಲು ಸಮಾಜಕಾರ್ಯ ಓದಿದ ಯಾವ ಎಂ.ಎಸ್.ಡಬ್ಲ್ಯು. ಪದವೀಧರರಿಗೆ ಸಾಧ್ಯ?

ಹಳೆಯದೊಂದು ನೆನಪು. ವರದಿಗೆಂದು ಒಂದು ಜಿಲ್ಲೆಯ ಬಾಲಮಂದಿರಕ್ಕೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಒಬ್ಬ ತಾಯಿ. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ಮೇಲೆ ಸೆರಗು. ಒಳಗಿನಿಂದ ಬಂದವರು "ನಾಳೆ ಬಾ" ಎಂದು ಹೋದರು. ಆಕೆ ಅಳತೊಡಗಿದಳು. ಪಕ್ಕದಲ್ಲಿ ಇನ್ನೊಬ್ಬಳಿದ್ದಳು, ಹೋದ ತಿಂಗಳಷ್ಟೇ ಮಗನನ್ನು ಬಿಡಿಸಿಕೊಂಡವಳು, ಅದ್ಯಾವುದೋ ಸಹಿಗೆ ಬಂದಿದ್ದಳು. "ಅಕ್ಕಾ, ಇಲ್ಲಿ ಅಳ್ಬೇಡ. ಅದನ್ನೂ ಬರ್ಕೊಂತಾರೆ. ಮನೆ ಬಾಡಿಗೆ ಚೀಟಿ ಐತಾ? ಮೊದ್ಲು ಅದನ್ನೇ ಕೇಳೋದು." ಅತ್ತ ಸಾಹೇಬರು ಅರ್ಧ ಗಂಟೆ ನನಗೆ ಕಾಯ್ದೆ ವಿವರಿಸಿದರು. ಬಾಡಿಗೆ ಚೀಟಿಯ ಮಾತೇ ಎತ್ತಲಿಲ್ಲ.

ನಮ್ಮ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಇಂಥ ಮಗು ಮನೆಗೆ ಮರಳಬೇಕೋ ಬೇಡವೋ ಎಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಕಾನೂನು, ಮನಃಶಾಸ್ತ್ರ, ಸಮಾಜಕಾರ್ಯ ಓದಿದವರು ಬೇಕಂತೆ. ಬೇಕು, ಇರಲಿ. ಬೆಂಚಿನ ಮೇಲೆ ಕೂತು ಎದ್ದವಳಿಗೆ ಮಾತ್ರ ಅಲ್ಲಿ ಒಂದು ಸ್ಟೂಲೂ ಇಲ್ಲ. ನಮ್ಮದು ಎಲ್ಲೆಲ್ಲೂ ಇದೇ ಕಥೆ. ರೈತರ ಸಭೆಯಲ್ಲಿ ಮೈಕು ಸಿಗುವುದು ಗದ್ದೆಗಿಳಿಯದವರಿಗೆ. ನೂರು ಹೆರಿಗೆ ಮಾಡಿಸಿದ ಸೂಲಗಿತ್ತಿ ಆಸ್ಪತ್ರೆಯ ಬಾಗಿಲಾಚೆ ನಿಲ್ಲಬೇಕು. ನೀವೂ ಅಷ್ಟು ವರ್ಷ ಪಾಠ ಮಾಡಿದವರು. ಗಣಿತದಲ್ಲಿ ಒಮ್ಮೆ ಫೇಲಾದ ಹುಡುಗನೇ ಪಕ್ಕದವನಿಗೆ ಚೆನ್ನಾಗಿ ಲೆಕ್ಕ ಹೇಳಿಕೊಟ್ಟದ್ದನ್ನು ನೋಡಿಲ್ಲವೇ?

ಸಂಬಳದ ಮಾತು ಎತ್ತಿದಿರಲ್ಲ. ಬೆಂಚಿನ ಮೇಲೆ ಬಾಡಿಗೆ ಚೀಟಿ ನೆನಪಿಸಿದ ಆ ಹೆಂಗಸಿಗೆ ಯಾರೂ ನಯಾಪೈಸೆ ಕೊಟ್ಟಿರಲಿಲ್ಲ. ಹೊರಡುವಾಗ ಆ ಅಕ್ಕನ ಹತ್ತಿರವೇ ಬಸ್ ಚಾರ್ಜಿಗೆ ಹತ್ತು ರೂಪಾಯಿ ಸಾಲ ಕೇಳಿದಳು.

— ಸಂ.